ರುಸ್ತಾವೆಲಿ ರಸ್ತೆಗೆ ಹೋಗಲೇ, ಬೇಡವೇ? ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಿಂದ ಒಂದು ಪ್ರಶ್ನೆ

ದುರ್ಗದ ಹುಡುಗಿ | 2 ಡಿಸೆಂಬರ್ 2024, ಮಧ್ಯಾಹ್ನ

ಮಕ್ಕಳನ್ನು ಜಾರ್ಜಿಯಾಕ್ಕೆ ಕಳುಹಿಸಿದ ಹೆತ್ತವರೂ ಇಲ್ಲಿದ್ದೀರಿ, ನನ್ನಂತೆ ಬಂದು ಓದುತ್ತಿರುವವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನು ವೈದ್ಯಕೀಯ ನಾಲ್ಕನೆಯ ವರ್ಷದಲ್ಲಿದ್ದೇನೆ. ನಮ್ಮವರು ಹೆಚ್ಚಾಗಿ ಸಬುರ್ತಾಲೋ ಕಡೆ ಮನೆ ಮಾಡುತ್ತಾರೆ. ನಾನು ಮಾತ್ರ ರುಸ್ತಾವೆಲಿ ರಸ್ತೆಗೆ ಹತ್ತಿರದ ವೇರಾ ಬಡಾವಣೆಯಲ್ಲಿ, ಒಬ್ಬ ಅಜ್ಜಿಯ ಮನೆಯ ಹಿಂದಿನ ಕೋಣೆಯಲ್ಲಿ, ಕೇರಳದ ಗೆಳತಿಯೊಬ್ಬಳ ಜೊತೆ ಇದ್ದೇನೆ. ಲಿಫ್ಟಿಗೂ ನಾಣ್ಯ ಹಾಕಬೇಕಾದ ಹಳೆಯ ಕಟ್ಟಡ. 2022ರಲ್ಲಿ ರಷ್ಯಾದಿಂದ ಜನ ಬಂದು ಊರಿನ ಬಾಡಿಗೆಯೆಲ್ಲ ಏರಿದಾಗಲೂ ಅಜ್ಜಿ ನಮಗೆ ಏರಿಸಲಿಲ್ಲ. ಆಕೆಯನ್ನು ಬೇಬೋ ಎಂದೇ ಕರೆಯುತ್ತೇವೆ, ಜಾರ್ಜಿಯನ್ ಭಾಷೆಯಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ.

ಕಳೆದ ಗುರುವಾರ, ನವೆಂಬರ್ 28ರ ಸಂಜೆ, ಪ್ರಧಾನಿ ಕೊಬಾಖಿದ್ಜೆ ಅವರು ಯುರೋಪಿಯನ್ ಒಕ್ಕೂಟ ಸೇರುವ ಮಾತುಕತೆಯನ್ನು 2028ರ ಕೊನೆಯವರೆಗೆ ಎತ್ತಿಕೊಳ್ಳುವುದಿಲ್ಲ ಎಂದರು. ಅಂದು ರಾತ್ರಿಯೇ ಸಂಸತ್ತಿನ ಮುಂದಿನ ರುಸ್ತಾವೆಲಿ ರಸ್ತೆ ತುಂಬಿತು. ನಾಲ್ಕು ರಾತ್ರಿ ಕಳೆದಿವೆ. ಅತ್ತಲಿಂದ ಪಟಾಕಿ, ಇತ್ತಲಿಂದ ಜಲಫಿರಂಗಿ, ಆಮೇಲೆ ಅಶ್ರುವಾಯು. ಗಾಳಿ ನಮ್ಮ ಕಡೆ ತಿರುಗಿದರೆ ಅದು ನಮ್ಮ ಓಣಿಗೂ ಬರುತ್ತದೆ. ಗೆಳತಿಗೆ ಅಸ್ತಮಾ ಇದೆ. ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಮಲಗುತ್ತೇವೆ.

ಬೆಳಿಗ್ಗೆ ಎದ್ದರೆ ಏನೂ ಆಗಿಲ್ಲವೆಂಬಂತೆ ಮೂಲೆಯ ಒಲೆಯಂಗಡಿಯಲ್ಲಿ ಶೋತಿ ರೊಟ್ಟಿ ಬೇಯುತ್ತಿರುತ್ತದೆ. ಒಂದು ಲಾರಿ (ಇಲ್ಲಿನ ಹಣ) ಕೊಟ್ಟು ಮೆಟ್ರೋ ಹತ್ತಿ, ಸ್ಟೇಷನ್ ಸ್ಕ್ವೇರ್‌ನಲ್ಲಿ ಇಳಿದು ಬದಲಾಯಿಸಿ, ಕಾಲೇಜು ಸೇರಿ ಹಾಜರಿ ಹಾಕಿಸಿಕೊಳ್ಳುತ್ತೇನೆ. ಹಗಲನ್ನಷ್ಟೇ ನೋಡಿದವರಿಗೆ ನಮ್ಮ ರಾತ್ರಿಯ ಕಥೆ ಸುಳ್ಳು ಎನ್ನಿಸೀತು.

ಈಗ ಪ್ರಶ್ನೆ. ಬೇಬೋಳ ಮೊಮ್ಮಗಳಿಗೆ ಇಪ್ಪತ್ತು ವರ್ಷ. ಸಂಜೆಯಾದರೆ ಈಜುಕನ್ನಡಕ ಹಾಕಿಕೊಂಡು ಹೊರಡುತ್ತಾಳೆ. ನಿನ್ನೆ ನನ್ನ ಬಾಗಿಲಲ್ಲಿ ನಿಂತು ಕೇಳಿದಳು: "ನೀನು ವೈದ್ಯೆ ಆಗುವವಳು. ಅಲ್ಲಿ ಕಣ್ಣು ತೊಳೆಯುವವರು ಸಾಲುತ್ತಿಲ್ಲ. ಬರುತ್ತೀಯಾ?" ಬುಧವಾರ ನರರೋಗ ಶಾಸ್ತ್ರದ ಪರೀಕ್ಷೆ ಇದೆ ಎಂದೆ. ಪರೀಕ್ಷೆ ಇರುವುದು ನಿಜ. ಆದರೆ ನಾನು ಹೋಗದೇ ಇದ್ದದ್ದು ಅದಕ್ಕಲ್ಲ ಎಂದು ಅವಳಿಗೂ ತಿಳಿಯಿತು, ನನಗೂ ತಿಳಿದಿತ್ತು.

ಅಪ್ಪ ಜಮೀನು ಒತ್ತೆಯಿಟ್ಟು ಕಳುಹಿಸಿದ್ದಾರೆ. ಅಮ್ಮ ಒಂಬತ್ತು ಗಂಟೆಯ ವಾರ್ತೆ ಮುಗಿದ ಕೂಡಲೇ ಕರೆ ಮಾಡುತ್ತಾರೆ, ಆಗ ಇಲ್ಲಿ ಏಳೂವರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ದಾವಣಗೆರೆಯ ಅಪ್ಪ | 2 ಡಿಸೆಂಬರ್

ಮಗಳೇ, ನನ್ನ ಮಗನೂ ಅಲ್ಲೇ ಎರಡನೆಯ ವರ್ಷದಲ್ಲಿದ್ದಾನೆ. ನೇರವಾಗಿ ಹೇಳುತ್ತೇನೆ, ಬೇಡ. ಊರ ಉಸಾಬರಿ ನಮಗೇಕೆ? ಅವರ ದೇಶ, ಅವರ ಸರ್ಕಾರ, ಅವರ ಜಗಳ. ನಾಳೆ ಪೊಲೀಸರು ಹಿಡಿದರೆ ಆ ಹುಡುಗಿ ತನ್ನ ಮನೆಗೆ ಹೋಗುತ್ತಾಳೆ, ನೀನು ಎಲ್ಲಿಗೆ ಹೋಗುತ್ತೀಯೆ? ವಾಸದ ಪರವಾನಗಿ ರದ್ದಾದರೆ ನಾಲ್ಕು ವರ್ಷದ ಓದು ನೀರಿನಲ್ಲಿ ಹೋಮ ಮಾಡಿದಂತೆ. ಮಧ್ಯವರ್ತಿ ನಮ್ಮ ಮನೆಯ ಜಗಲಿಯಲ್ಲಿ ಕುಳಿತು "ಯುರೋಪಿನಲ್ಲೇ ಶಾಂತ ದೇಶ ಸಾರ್" ಎಂದಿದ್ದ. ದೂರದ ಬೆಟ್ಟ ನುಣ್ಣಗೆ ಎಂದು ಆಗಲೇ ತಿಳಿಯಬೇಕಿತ್ತು.

ಎರಡು ಸಲ ಗಂಟು ಕಟ್ಟಿದವನು | 2 ಡಿಸೆಂಬರ್

ನಾನು ಉಕ್ರೇನಿನ ಹಾರ್ಕಿವ್‌ನಿಂದ ಬಂದವನು. 2022ರ ಫೆಬ್ರವರಿ 24ರ ನಸುಕಿನಲ್ಲಿ ಎಚ್ಚರವಾದಾಗ ಕಿಟಕಿಯ ಗಾಜು ನಡುಗುತ್ತಿತ್ತು. ಮೆಟ್ರೋ ನಿಲ್ದಾಣದ ನೆಲದ ಮೇಲೆ ಮಲಗಿದೆವು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಹುಡುಗ ಅದೇ ಊರಿನಲ್ಲಿ, ತಿನ್ನಲು ಏನಾದರೂ ತರೋಣವೆಂದು ಹೊರಗೆ ಹೋದವನು, ತೀರಿಕೊಂಡ. ಮರುದಿನ ರಾಯಭಾರ ಕಚೇರಿಯಿಂದ ಸೂಚನೆ ಬಂತು: ಸಂಜೆ ಆರರೊಳಗೆ ಪಿಸೋಚಿನ್, ಬಾಬಾಯಿ ಅಥವಾ ಬೆಜ್ಲ್ಯುದಿವ್ಕಾ ಸೇರಿ, ವಾಹನ ಸಿಗದಿದ್ದರೆ ನಡೆದೇ ಹೋಗಿ. ನಡೆದೆವು. ಆಮೇಲೆ ಆಪರೇಷನ್ ಗಂಗಾ, ಊರು, ಆರು ತಿಂಗಳು ಸುಮ್ಮನೆ ಮನೆಯಲ್ಲಿ. ರಾಷ್ಟ್ರೀಯ ವೈದ್ಯಕೀಯ ಆಯೋಗ ಉಕ್ರೇನಿನವರಿಗೆ ಬೇರೆ ದೇಶದಲ್ಲಿ ಓದು ಮುಂದುವರಿಸಲು ಒಪ್ಪಿದ ಮೇಲೆ ಟಿಬಿಲಿಸಿಗೆ ಬಂದೆ.

ಅದಕ್ಕೇ ಎರಡು ಮಾತು. ಒಂದು, ಇದು ಯುದ್ಧವಲ್ಲ. ಟಿವಿಯವರು ಒಂದೇ ಪಟಾಕಿಯನ್ನು ನಲವತ್ತು ಸಲ ತೋರಿಸುತ್ತಾರೆ, ಮನೆಯವರಿಗೆ ಅದು ನಲವತ್ತು ಬಾಂಬಿನಂತೆ ಕೇಳಿಸುತ್ತದೆ. ಸಬುರ್ತಾಲೋದಲ್ಲಿ ಕೂತವನಿಗೆ ಇಲ್ಲಿ ಏನೂ ಆಗುತ್ತಿಲ್ಲ.

ಎರಡನೆಯದು, ಇಷ್ಟೆಲ್ಲ ಗೊತ್ತಿದ್ದೂ ಮೊನ್ನೆ ಶನಿವಾರ ಆ ಕಡೆ ಗೆಳೆಯನ ಮನೆಯಲ್ಲಿ ಉಳಿದಿದ್ದೆ. ರಾತ್ರಿ ಪಟಾಕಿ ಶುರುವಾದಾಗ ನಾನು ಸ್ನಾನದ ಮನೆಯ ನೆಲದ ಮೇಲೆ ಕುಳಿತಿದ್ದೆ. ಯಾವಾಗ ಎದ್ದು ಹೋಗಿ ಅಲ್ಲಿ ಕುಳಿತೆ ಎಂಬುದೇ ನೆನಪಿಲ್ಲ. ಬುದ್ಧಿಗೆ ಗೊತ್ತಿದ್ದದ್ದು ಮೈಗೆ ಗೊತ್ತಿರಲಿಲ್ಲ. ನೀನು ಹೋಗುವೆಯೋ ಬಿಡುವೆಯೋ ನಿನಗೆ ಬಿಟ್ಟದ್ದು. ನನ್ನನ್ನು ಯಾರೂ ಕೇಳಬೇಡಿ.

ನೇರ ಮಾತು | 2 ಡಿಸೆಂಬರ್

ಎಲ್ಲರೂ ಭಾವುಕರಾಗಿದ್ದೀರಿ. ಇದಕ್ಕೆಲ್ಲ ಹೊರಗಿನ ಹಣ ಹರಿಯುತ್ತಿದೆ ಎಂದು ಅಲ್ಲಿನ ಸರ್ಕಾರವೇ ಹೇಳುತ್ತಿದೆಯಲ್ಲ? ಅದನ್ನು ಬಯಲಿಗೆ ತರುವ ಕಾನೂನು ಮಾಡಿದ್ದಕ್ಕೇ ಗಲಾಟೆ ಶುರುವಾದದ್ದು. ನಮ್ಮಲ್ಲೂ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಇದೆ. ನಮ್ಮ ದೇಶ ಮಾಡಿದರೆ ಸರಿ, ಅವರು ಮಾಡಿದರೆ ತಪ್ಪೇ?

ರೈನ್ ದಡದ ಮಲೆನಾಡಿಗ | 2 ಡಿಸೆಂಬರ್

ನೇರ ಮಾತಿನವರೇ, ಎರಡು ಬೇರೆ ಎಳೆಗಳನ್ನು ಒಂದೇ ಗಂಟಿಗೆ ಹಾಕಿದ್ದೀರಿ. ಶೇಕಡಾ 20ಕ್ಕಿಂತ ಹೆಚ್ಚು ಹಣ ಹೊರಗಿನಿಂದ ಪಡೆಯುವ ಸಂಸ್ಥೆಗಳು ವಿದೇಶಿ ಪ್ರಭಾವದ ಏಜೆಂಟರೆಂದು ನೋಂದಾಯಿಸಿಕೊಳ್ಳಬೇಕೆಂಬ ಮಸೂದೆ ಮೊದಲು ಬಂದದ್ದು 2023ರ ಫೆಬ್ರವರಿಯಲ್ಲಿ. ಮಾರ್ಚಿನಲ್ಲಿ ಜನ ಬೀದಿಗಿಳಿದರು, ಸರ್ಕಾರ ಹಿಂದಕ್ಕೆ ತೆಗೆದುಕೊಂಡಿತು. 2024ರಲ್ಲಿ ವಿದೇಶಿ ಶಕ್ತಿಯ ಹಿತಾಸಕ್ತಿ ಕಾಯುವವರು ಎಂದು ಹೆಸರು ಬದಲಿಸಿ ಮತ್ತೆ ತಂದರು. ಮೇ 14ರಂದು ಅಂಗೀಕಾರವಾಯಿತು, ಅಧ್ಯಕ್ಷೆ ಸಲೋಮೆ ಜುರಾಬಿಶ್ವಿಲಿ ತಡೆದರು, ಮೇ 28ರಂದು ಸಂಸತ್ತು ಆ ತಡೆಯನ್ನೂ ಮೀರಿತು. ಅದನ್ನು ಒಳ್ಳೆಯದೆನ್ನಿ, ಕೆಟ್ಟದ್ದೆನ್ನಿ, ವಾದಿಸೋಣ. ಆದರೆ ಈಗ ಹೊತ್ತಿರುವ ಬೆಂಕಿ ಅದರದ್ದಲ್ಲ. ಅಕ್ಟೋಬರ್ 26ರ ಚುನಾವಣೆಯನ್ನು ವಿರೋಧ ಪಕ್ಷಗಳು ಒಪ್ಪಿಲ್ಲ. ಅದರ ಮೇಲೆ ಈ ಘೋಷಣೆ ಬಂತು. ಯುರೋಪ್, ನೇಟೊ ಸೇರಲು ಎಲ್ಲ ಕ್ರಮ ಕೈಗೊಳ್ಳಬೇಕು ಎಂದು ಆ ದೇಶದ ಸಂವಿಧಾನದ 78ನೆಯ ವಿಧಿಯೇ ಹೇಳುತ್ತದೆ. ಆಳುವವರೇ ಸಂವಿಧಾನವನ್ನು ಬದಿಗಿಟ್ಟರು ಎಂಬುದು ಜನರ ಸಿಟ್ಟು.

ಹಾಗೆಯೇ, ಜಾರ್ಜಿಯಾ ಯುರೋಪೇ ಅಲ್ಲ ಎಂದು ಇಲ್ಲಿ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ಭೂಪಟ ಹಿಡಿದು ಬೇಕಾದಷ್ಟು ಜಗಳವಾಡಬಹುದು. ಆದರೆ 1999ರಲ್ಲಿ ಆ ದೇಶ ಯುರೋಪ್ ಪರಿಷತ್ತಿಗೆ ಸೇರಿದಾಗ ಆಗಿನ ಸಂಸತ್ತಿನ ಸಭಾಧ್ಯಕ್ಷ ಜುರಾಬ್ ಜ್ವಾನಿಯಾ "ನಾನು ಜಾರ್ಜಿಯನ್, ಆದ್ದರಿಂದ ನಾನು ಯುರೋಪಿಯನ್" ಎಂದು ಹೇಳಿದ್ದರು. ಆ ಹುಡುಗಿ ಈಜುಕನ್ನಡಕ ಹಾಕಿಕೊಂಡು ಹೋಗುತ್ತಿರುವುದು ಈ "ಆದ್ದರಿಂದ" ಎಂಬ ಒಂದು ಪದಕ್ಕಾಗಿ.

ನೇರ ಮಾತು | 2 ಡಿಸೆಂಬರ್

ಪಾಠ ಚೆನ್ನಾಗಿತ್ತು. ಸಾಲ ತೀರಿಸುವವರು ನೀವಲ್ಲ.

ಹಳೆಯ ಸ್ಟೆತಸ್ಕೋಪು | 2 ಡಿಸೆಂಬರ್, ಸಂಜೆ

ನಾನು ಹುಬ್ಬಳ್ಳಿಯಲ್ಲಿ ವೈದ್ಯ, ನಾನೂ ಹೊರದೇಶದಲ್ಲಿ ಓದಿದವನು. ಹೋಗು, ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಅಶ್ರುವಾಯು ಮನೆಗೇ ಬರುತ್ತಿದೆ ಎಂದೆಯಲ್ಲ, ಅದಕ್ಕೆ ಇಷ್ಟು ತಿಳಿದಿರು.

ಕಣ್ಣನ್ನು ಉಜ್ಜಬಾರದು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಕೈ ತೊಳೆದುಕೊಂಡು ಮೊದಲು ಅದನ್ನು ತೆಗೆಸು, ಮತ್ತೆ ಹಾಕಿಕೊಳ್ಳಲು ಬಿಡಬೇಡ. ತಣ್ಣನೆಯ ಶುದ್ಧ ನೀರು ಅಥವಾ ಸಲೈನ್‌ನಿಂದ ಹತ್ತು ಹದಿನೈದು ನಿಮಿಷ ತೊಳೆ, ನೀರು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹರಿಯದಂತೆ ತಲೆ ವಾಲಿಸು. ಹಾಲು ಸುರಿಯುವುದನ್ನು ವಿಡಿಯೊಗಳಲ್ಲಿ ನೋಡಿರುತ್ತೀಯೆ, ಬೇಡ, ಅದರಲ್ಲಿ ಸೂಕ್ಷ್ಮಜೀವಿ ಇರುತ್ತದೆ. ಬಟ್ಟೆಯಲ್ಲಿ ಕುಳಿತ ಪುಡಿ ಕೋಣೆಯೊಳಗೆ ಮತ್ತೆ ಏಳುತ್ತದೆ, ಬಾಗಿಲಾಚೆಯೇ ಮೇಲುಡುಪು ತೆಗೆಸು. ಗೆಳತಿಯ ಇನ್‌ಹೇಲರ್ ದಿಂಬಿನ ಕೆಳಗಿರಲಿ, ಬ್ಯಾಗಿನ ತಳದಲ್ಲಿ ಅಲ್ಲ. ಅದು ಹಾಕಿಕೊಂಡರೂ ಉಸಿರು ಹಿಡಿತಕ್ಕೆ ಬರದಿದ್ದರೆ 112.

ಇನ್ನೊಂದು. ನೀನು ಇನ್ನೂ ವೈದ್ಯೆಯಲ್ಲ. ಹೊಲಿಗೆ ಹಾಕಲು ಹೋಗಬೇಡ, ಮಾತ್ರೆ ಕೊಡಬೇಡ.

ಸಬುರ್ತಾಲೋ ಸಂಗಡಿಗ | 2 ಡಿಸೆಂಬರ್, ರಾತ್ರಿ

ಇದರಲ್ಲಿ ಕಾನೂನಿನ ಮಾತು ಯಾರೂ ಹೇಳಲಿಲ್ಲ. ಪೊಲೀಸರ ಆದೇಶ ಪಾಲಿಸಲಿಲ್ಲ ಎಂಬ ಒಂದೇ ಆರೋಪದ ಮೇಲೆ, ಈಗಿನ (2024ರ) ಕಾನೂನಿನಂತೆ, 15 ದಿನಗಳವರೆಗೆ ಒಳಗಿಡಬಹುದು. ಕೈಯಲ್ಲಿ ನೀರಿನ ಬಾಟಲಿ ಇತ್ತೋ ಕಲ್ಲಿತ್ತೋ ಎಂದು ಆ ಕತ್ತಲಲ್ಲಿ ಯಾರೂ ನೋಡುವುದಿಲ್ಲ. ಹದಿನೈದು ದಿನ ಗೈರುಹಾಜರಿ ಎಂದರೆ ಸೆಮಿಸ್ಟರ್ ಹೋಯಿತು. ಆಯೋಗದ 2021ರ ನಿಯಮದಂತೆ 54 ತಿಂಗಳ ಓದು, ಅದರ ಮೇಲೆ 12 ತಿಂಗಳ ಇಂಟರ್ನ್‌ಶಿಪ್, ಎಲ್ಲವೂ ಒಂದೇ ಸಂಸ್ಥೆಯಲ್ಲಿ ಆಗಬೇಕು. ಇಲ್ಲಿ ಎಡವಿದರೆ ಇನ್ನೊಂದು ಕಡೆ ಹೋಗಿ ಸೇರುವ ದಾರಿಯಿಲ್ಲ. ಉಕ್ರೇನಿನವರಿಗೆ ಕೊಟ್ಟ ವಿನಾಯಿತಿ ನಮಗಿಲ್ಲ.

ನಮ್ಮ ತರಗತಿಯ ಜಾರ್ಜಿಯನ್ ಗೆಳೆಯ ಮೂರು ರಾತ್ರಿ ನಿದ್ದೆಗೆಟ್ಟು ಬಂದ. ಪ್ರಾಧ್ಯಾಪಕಿ ಅವನನ್ನು ನೋಡಿ ಏನೂ ಕೇಳದೆ ಹಾಜರಿ ಹಾಕಿದರು. ನಾನು ಐದು ನಿಮಿಷ ತಡವಾಗಿ ಹೋಗಿದ್ದೆ, ನನಗೆ ಗೈರು. ತಪ್ಪೆನ್ನುವುದಿಲ್ಲ. ಆದರೆ ನಾವು ಯಾರು, ಅವರು ಯಾರು ಎಂಬುದು ಆ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ.

ದುರ್ಗದ ಹುಡುಗಿ | 3 ಡಿಸೆಂಬರ್, ಮಧ್ಯಾಹ್ನ

ನಿಮ್ಮೆಲ್ಲರ ಮಾತು ಓದಿ, ನಿನ್ನೆ ರಾತ್ರಿ ಹೋಗಲಿಲ್ಲ. ಹೋಗುವುದಿಲ್ಲವೆಂದು ಅವಳಿಗೆ ನೆಪವಿಲ್ಲದೆ ಹೇಳಿದೆ. ಅವಳು "ಸರಿ" ಎಂದು ಮೆಟ್ಟಿಲಿಳಿದಳು. ಆ "ಸರಿ" ನನಗೆ ಹಿಡಿಸಲಿಲ್ಲ.

ಒಂದೂವರೆಯ ಹೊತ್ತಿಗೆ ಕೆಳಗೆ ಬಾಗಿಲು ಬಡಿದ ಸದ್ದಾಯಿತು. ಇಲ್ಲಿ ಕಟ್ಟಡದ ಕೆಳಗಿನ ಪಡಸಾಲೆಯನ್ನು ಸದರ್ಬಾಜೋ ಎನ್ನುತ್ತಾರೆ, ಬಾಗಿಲಿಗೆ ಸಂಖ್ಯೆ ಒತ್ತುವ ಬೀಗ ಇರುತ್ತದೆ. ಗ್ಯಾಸ್ ಬಂದರೆ ಓಡಿಬಂದವರು ಒಳಗೆ ಸೇರಿಕೊಳ್ಳಲಿ ಎಂದು ಓಣಿಯವರು ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದರು. ಬೇಬೋ ನನಗಿಂತ ಮೊದಲೇ ರಾತ್ರಿಯುಡುಪಿನಲ್ಲೇ ಇಳಿದಿದ್ದಳು. ಲಿಫ್ಟಿಗೆ ಹಾಕಲು ಚಿಲ್ಲರೆ ಸಿಗಲಿಲ್ಲವೆಂದು ನಾನು ಬಕೆಟ್ ಹಿಡಿದು ನಾಲ್ಕು ಮಹಡಿ ಇಳಿದೆ.

ಆರೇಳು ಜನ ಇದ್ದರು. ಒಬ್ಬ ಶಾಲಾ ಹುಡುಗ ಎಂದು ಕಾಣುತ್ತದೆ, ಮೀಸೆಯೂ ಮೂಡಿರಲಿಲ್ಲ. ಡಾಕ್ಟರರು ಹೇಳಿದಂತೆಯೇ ಮಾಡಿದೆ, ತಲೆ ವಾಲಿಸು, ಉಜ್ಜಬೇಡ, ಜಾಕೆಟ್ ತೆಗೆ. ನನ್ನ ಜಾರ್ಜಿಯನ್ ತರಕಾರಿ ಅಂಗಡಿಯ ಜಾರ್ಜಿಯನ್. "ನೀರು", "ನಿಧಾನ", "ಎಷ್ಟು" ಇಷ್ಟೇ ಬರುತ್ತದೆ. ಒಬ್ಬನ ಮೂಗಿನಿಂದ ರಕ್ತ ಸುರಿಯುತ್ತಿತ್ತು, ಮೂಗಿನ ಮೂಳೆ ಪಕ್ಕಕ್ಕೆ ಜರುಗಿದ್ದು ಕಣ್ಣಿಗೇ ಕಾಣುತ್ತಿತ್ತು. ಮುಂದಕ್ಕೆ ಬಾಗಿಸಿ ಕೂರಿಸಿ 112ಕ್ಕೆ ಕರೆ ಮಾಡಿಸಿದೆ. ಅಷ್ಟೇ ಮಾಡಿದ್ದು. ಪುಸ್ತಕದಲ್ಲಿ ಮುಖದ ಗಾಯದ ಮೇಲೆ ಇಡೀ ಅಧ್ಯಾಯ ಓದಿದ್ದೇನೆ, ಬಾಗಿಸಿ ಕೂರಿಸುವುದಕ್ಕೂ ಕೈ ನಡುಗಿತು.

ಎಲ್ಲ ಮುಗಿದ ಮೇಲೆ ಬೇಬೋ ಅಡುಗೆಮನೆಯಲ್ಲಿ ಚಹಾ ಕೊಟ್ಟು 1989ರ ಏಪ್ರಿಲ್ 9ರ ಕಥೆ ಹೇಳಿದಳು. ಆಗ ಸೋವಿಯತ್ ಸೈನಿಕರು ಇದೇ ರುಸ್ತಾವೆಲಿಯಲ್ಲಿ ಗುಂಪಿನ ಮೇಲೆ ಸಲಿಕೆ ಬೀಸಿದ್ದರು, ಗ್ಯಾಸ್ ಬಿಟ್ಟಿದ್ದರು. 21 ಜನ ಸತ್ತರು, ಹೆಚ್ಚಿನವರು ಹೆಂಗಸರು. ಆಕೆ ಅಂದು ಅಲ್ಲಿಗೆ ಹೋಗಬೇಕಿತ್ತಂತೆ, ಮಗುವಿಗೆ ಜ್ವರವೆಂದು ಮನೆಯಲ್ಲೇ ಉಳಿದಳಂತೆ. "ಮಗುವಿಗೆ ಜ್ವರ ಇದ್ದದ್ದು ನಿಜ" ಎಂದು ಎರಡು ಸಲ ಹೇಳಿದಳು. ನನ್ನ ನರರೋಗ ಶಾಸ್ತ್ರದ ಪರೀಕ್ಷೆಯ ಮಾತು ಆಕೆಗೆ ಯಾರೂ ಹೇಳಿರಲಿಲ್ಲ.

ದಾವಣಗೆರೆಯ ಅಪ್ಪ | 3 ಡಿಸೆಂಬರ್

ಕಟ್ಟಡದ ಒಳಗೇ ಇದ್ದೆ ತಾನೇ? ಹೊಸಿಲು ದಾಟಲಿಲ್ಲ ತಾನೇ? ಹಾಗಿದ್ದರೆ ಸರಿ. ಮನೆ ಬಾಗಿಲಿಗೆ ಬಂದವರಿಗೆ ನೀರು ಕೊಡಬೇಡ ಎಂದು ನಾನು ಹೇಳಲಾರೆ. ನಿನ್ನ ತಂದೆ ತಾಯಿಗೆ ಹೇಳಿದೆಯಾ?

ದುರ್ಗದ ಹುಡುಗಿ | 3 ಡಿಸೆಂಬರ್

ಇಲ್ಲ. ಇಲ್ಲಿ ಎಲ್ಲ ಸಮಾಧಾನವಾಗಿದೆ ಎಂದಿದ್ದೇನೆ. ಲೋಬಿಯಾನಿ ತಿಂದೆ ಎಂದೂ ಹೇಳಿದೆ, ಅದು ನಿಜ. ರಾಜ್ಮಾ ಹೂರಣ ತುಂಬಿದ ಉಪ್ಪಿನ ಹೋಳಿಗೆ ಎಂದು ಅಮ್ಮನಿಗೆ ವಿವರಿಸಿದ್ದೇನೆ. ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸದ ದಿನಗಳು ಈಗ. ಅಂಗಡಿಯಲ್ಲಿ "ಸಮರ್ಖ್ವೊ" ಎಂದು ಕೇಳಿದರೆ ಹಾಲು, ಮೊಟ್ಟೆ, ಮಾಂಸ ಯಾವುದೂ ಇಲ್ಲದ್ದು ಸಿಗುತ್ತದೆ. ಹೊಸದಾಗಿ ಬರುವ ಸಸ್ಯಾಹಾರಿಗಳು ಈ ಪದವನ್ನು ಬಾಯಿಪಾಠ ಮಾಡಿಕೊಳ್ಳಿ, ನಮಸ್ಕಾರ ಹೇಳಲು ಕಲಿಯುವುದಕ್ಕಿಂತ ಮೊದಲು.

ಸಬುರ್ತಾಲೋ ಸಂಗಡಿಗ | 17 ಡಿಸೆಂಬರ್

ಗುದೌರಿಯ ಸುದ್ದಿ ಎಲ್ಲರೂ ಓದಿರುತ್ತೀರಿ. ಹಿಮಕ್ರೀಡೆಯ ಊರಿನ ಭಾರತೀಯ ಹೋಟೆಲೊಂದರ ಮೇಲಿನ ಮಹಡಿಯಲ್ಲಿ ಮಲಗಿದ್ದ 12 ಜನ ಸತ್ತಿದ್ದಾರೆ, 11 ಮಂದಿ ನಮ್ಮ ದೇಶದವರು. ವಿದ್ಯುತ್ ಹೋದಾಗ ಮಲಗುವ ಕೋಣೆಗಳ ಹತ್ತಿರ, ಮುಚ್ಚಿದ ಜಾಗದಲ್ಲಿ ಜನರೇಟರ್ ಹಚ್ಚಿದ್ದರಂತೆ, ಕಾರ್ಬನ್ ಮೊನಾಕ್ಸೈಡ್. ಎರಡು ವಾರದಿಂದ ಗಲಭೆ ಗಲಭೆ ಎಂದು ಕರೆ ಮಾಡುತ್ತಿದ್ದ ಮನೆಯವರಿಗೆ ನಾನು ಈಗ ಹೇಳುತ್ತಿರುವುದು ಬೇರೆ: ನನ್ನ ಕೋಣೆಯ ಗ್ಯಾಸ್ ಹೀಟರ್‌ನ ಹೊಗೆ ಕೊಳವೆ ತುಕ್ಕು ಹಿಡಿದಿದೆ, ಸರಿಮಾಡಿಸಿ ಎಂದು ಮನೆಯ ಮಾಲೀಕನಿಗೆ ಮೂರು ಸಲ ಕೇಳಿದ್ದೇನೆ. ಹಳೆಯ ಮನೆಗಳಲ್ಲಿರುವವರು ಇವತ್ತೇ ನೋಡಿಕೊಳ್ಳಿ. ಕಿಟಕಿ ಒಂದು ಬೆರಳಷ್ಟಾದರೂ ತೆರೆದಿರಲಿ, ಚಳಿಯಾದರೂ ಪರವಾಗಿಲ್ಲ.

ಹಳೆಯ ಸ್ಟೆತಸ್ಕೋಪು | 17 ಡಿಸೆಂಬರ್

ದುರ್ಗದ ಹುಡುಗಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಮಲಗುತ್ತೇವೆ ಎಂದಿದ್ದೆ. ಅದನ್ನು ಓದಿಯೂ ನಾನು ಹೀಟರಿನ ಬಗ್ಗೆ ಕೇಳಲಿಲ್ಲ. ನನ್ನ ತಪ್ಪು. ಏನಿದೆ ಕೋಣೆಯಲ್ಲಿ?

ದುರ್ಗದ ಹುಡುಗಿ | 17 ಡಿಸೆಂಬರ್

ವಿದ್ಯುತ್ ಹೀಟರ್, ಸರ್. ಆದರೆ ಅಡುಗೆಮನೆಯ ನೀರು ಕಾಯಿಸುವ ಯಂತ್ರ ಗ್ಯಾಸಿನದ್ದು. ಟವೆಲ್ ತೆಗೆದಿದ್ದೇವೆ.

ದುರ್ಗದ ಹುಡುಗಿ | 2 ಜನವರಿ 2025

ಹೊಸ ವರ್ಷದ ರಾತ್ರಿ ರುಸ್ತಾವೆಲಿಗೆ ಹೋದೆ. ಬೈಯುವವರು ಬೈಯಿರಿ.

ಈಗ ಅಲ್ಲಿನ ಬಣ್ಣ ಬದಲಾಗಿದೆ. ಡಿಸೆಂಬರ್ ಎರಡನೆಯ ವಾರದಿಂದ ಜಲಫಿರಂಗಿ ಕಂಡಿಲ್ಲ, ಮೆರವಣಿಗೆ ಬರುತ್ತದೆ, ಹೋಗುತ್ತದೆ. ಬಂಧಿತರ ಸಂಖ್ಯೆ 400 ದಾಟಿದೆ. 29ರಂದು ಕಾವೆಲಾಶ್ವಿಲಿ ಹೊಸ ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದರು. ಅದರ ಹಿಂದಿನ ದಿನ ಊರಿನ ಉದ್ದಕ್ಕೂ ಜನ ಕೈ ಕೈ ಹಿಡಿದು ನಿಂತಿದ್ದರು.

31ರ ರಾತ್ರಿ ಸಂಸತ್ತಿನ ಮುಂದೆ ರಸ್ತೆಯುದ್ದಕ್ಕೂ ಮೇಜು ಹಾಕಿದ್ದರು. ಮನೆಮನೆಯಿಂದ ಅಡುಗೆ ತಂದಿದ್ದರು. ನಾನು ಮತ್ತು ಗೆಳತಿ ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆವು. ನಿಂಬೆ ಸಿಕ್ಕಿತು, ಕರಿಬೇವು ಸಿಗಲಿಲ್ಲ, ಊರಿನಿಂದ ತಂದ ಒಣಗಿದ ಎಲೆ ಹಾಕಿದೆವು. ಬೇಬೋ ಅಕ್ರೋಟಿನ ಪಚಡಿ ತಂದಿದ್ದಳು. ಮೊಮ್ಮಗಳು ನನ್ನನ್ನು ಎಲ್ಲರಿಗೂ "ನಮ್ಮ ಸದರ್ಬಾಜೋದ ವೈದ್ಯೆ" ಎಂದು ಪರಿಚಯಿಸಿದಳು. ಯಾರೋ ಒಬ್ಬರು ಅತಿಥಿ ದೇವರು ಕಳುಹಿಸಿದವನು ಎಂಬ ತಮ್ಮ ಗಾದೆ ಹೇಳಿ ಲೋಟ ಎತ್ತಿದರು. ನಮ್ಮಲ್ಲೂ ಅಂಥದ್ದೇ ಮಾತಿದೆ ಎನ್ನಲು ಹೊರಟು ಸುಮ್ಮನಾದೆ. ಅತಿಥಿ ಎನ್ನಿಸಿಕೊಂಡದ್ದಕ್ಕೆ ಸಂತೋಷವಾಯಿತೋ ಬೇಸರವಾಯಿತೋ ಇನ್ನೂ ತಿಳಿಯುತ್ತಿಲ್ಲ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ನಾವಿಬ್ಬರೂ ಹೊರಟೆವು.

ಈಗ, 2025ರ ಆರಂಭದಲ್ಲಿ, ಪ್ರತಿಭಟನೆಯಲ್ಲಿ ಮುಖಗವಸು ಹಾಕಿದರೆ 2000 ಲಾರಿ, ರಸ್ತೆ ತಡೆದರೆ 5000 ಲಾರಿ ದಂಡವಂತೆ. ಐದು ಸಾವಿರ ಲಾರಿ ಎಂದರೆ ನಮ್ಮ ಒಂದೂವರೆ ಲಕ್ಷ ರೂಪಾಯಿ. ಇನ್ನು ಆ ಕಡೆ ಹೋಗುವುದಿಲ್ಲ.

ಎರಡು ಸಲ ಗಂಟು ಕಟ್ಟಿದವನು | 2 ಜನವರಿ

ಚಿತ್ರಾನ್ನ ಇತ್ತು ಎಂದು ಒಂದು ಮಾತು ಹೇಳಿದ್ದರೆ ನಾನೂ ಬರುತ್ತಿದ್ದೆ. ಪಟಾಕಿ ಮಾರಾಟ ನಿಷೇಧಿಸಿದ್ದಾರೆ ಎಂದು ಕೇಳಿದೆ. ಈ ಸರ್ಕಾರ ಮಾಡಿದ ಕೆಲಸಗಳಲ್ಲಿ ನನಗೆ ವೈಯಕ್ತಿಕವಾಗಿ ಅನುಕೂಲವಾದದ್ದು ಇದೊಂದೇ.

ಹೊಸಬ, ಕಲಬುರಗಿ | 26 ಅಕ್ಟೋಬರ್ 2025

ಹಳೆಯ ಚರ್ಚೆಯನ್ನು ಎತ್ತುತ್ತಿರುವುದಕ್ಕೆ ಕ್ಷಮಿಸಿ. ತಂಗಿಗೆ ನೀಟ್‌ನಲ್ಲಿ ಅರ್ಹತೆ ಬಂದಿದೆ, ಇಲ್ಲಿ ಸೀಟು ಸಿಕ್ಕಿಲ್ಲ. ಜಾರ್ಜಿಯಾಕ್ಕೆ ಕಳುಹಿಸಬಹುದೇ? ಗಲಭೆ ಮುಗಿದಿದೆಯೇ?

ಎರಡು ಸಲ ಗಂಟು ಕಟ್ಟಿದವನು | 26 ಅಕ್ಟೋಬರ್

ಮುಗಿದಿಲ್ಲ. 300 ದಿನ ದಾಟಿದೆ, ಈಗಲೂ ಪ್ರತಿ ಸಂಜೆ ಜನ ಬಂದು ನಿಲ್ಲುತ್ತಾರೆ. ಅಕ್ಟೋಬರ್ 4ರ ಸ್ಥಳೀಯ ಚುನಾವಣೆಯ ದಿನ ಕೆಲವರು ಅಧ್ಯಕ್ಷರ ಅರಮನೆಗೆ ನುಗ್ಗಲು ಹೋಗಿ ಮತ್ತೆ ಜಲಫಿರಂಗಿ ಹರಿಯಿತು. ಆದರೆ ನಿಮ್ಮ ತಂಗಿ ಚಿಂತಿಸಬೇಕಾದದ್ದು ಅದಕ್ಕಲ್ಲ. ಪ್ರಧಾನಿ ಇದೇ ತಿಂಗಳು ಪ್ರಕಟಿಸಿದ ಉನ್ನತ ಶಿಕ್ಷಣ ಸುಧಾರಣೆಯಲ್ಲಿ, ಸರ್ಕಾರಿ ವಿಶ್ವವಿದ್ಯಾಲಯಗಳು ಕೆಲವು ವಿನಾಯಿತಿ ಬಿಟ್ಟು ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದಿಲ್ಲ ಎಂದಿದೆ. ಖಾಸಗಿಯವು ಉಳಿಯುತ್ತವೆ. ಮಧ್ಯವರ್ತಿ ಇದನ್ನು ಹೇಳಿದನೇ? ಹೇಳಿರದಿದ್ದರೆ ಮುಂಗಡ ಕೊಡಬೇಡಿ. 54 ತಿಂಗಳು, ಇಂಗ್ಲಿಷ್ ಮಾಧ್ಯಮ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಇವು ಮೂರನ್ನೂ ಕಾಗದದಲ್ಲಿ ಬರೆಸಿಕೊಳ್ಳಿ.

ದಾವಣಗೆರೆಯ ಅಪ್ಪ | 27 ಅಕ್ಟೋಬರ್

ದುರ್ಗದ ಹುಡುಗಿ, ಇಷ್ಟು ದಿನ ಕೇಳಬೇಕೆಂದಿದ್ದೆ. ಆ ಬುಧವಾರದ ಪರೀಕ್ಷೆ ಏನಾಯಿತು?

ದುರ್ಗದ ಹುಡುಗಿ | 27 ಅಕ್ಟೋಬರ್

53 ಬಂತು. ಇಲ್ಲಿ 51 ಬಂದರೆ ತೇರ್ಗಡೆ. ಮನೆಯಲ್ಲಿ ಅಂಕ ಹೇಳಿಲ್ಲ, ಪಾಸು ಎಂದಷ್ಟೇ ಹೇಳಿದ್ದೇನೆ.